ಕೆಲಸದ ಜಾಗದಲ್ಲಿ ಕಿರುಕುಳ: ದೂರು ಬರೆಯುವುದು ಹೇಗೆ, ಕೊಡುವುದು ಯಾರಿಗೆ

ದೂರು ಕೊಡಬೇಕು ಅಂತ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಹೆಚ್ಚುಕಮ್ಮಿ ಎಲ್ಲರೂ ಮೊದಲು ಕೇಳುವುದು ಇದನ್ನೇ. "ಅಕ್ಕಾ, ನನ್ನ ಹತ್ರ ಸಾಕ್ಷಿ ಏನೂ ಇಲ್ಲ. ಆದ್ರೂ ಕೊಡಬಹುದಾ?"

ಕೊಡಬಹುದು. ನೀವು ಕಂಡದ್ದು, ಕೇಳಿದ್ದು, ನಿಮ್ಮ ಮೈಮೇಲೆ ಆದದ್ದು, ಅದನ್ನು ನೀವು ಬಾಯಿಬಿಟ್ಟು ಹೇಳುವುದೇ ಮೊದಲನೇ ಸಾಕ್ಷಿ. ಅದನ್ನು ಬೇಗ ಬರೆದಿಡಬೇಕು, ಸಣ್ಣ ಸಣ್ಣ ವಿವರ ಬಿಡದೆ ಬರೆಯಬೇಕು, ಕೊಟ್ಟಿದ್ದಕ್ಕೆ ಗುರುತು ಇಟ್ಟುಕೊಳ್ಳಬೇಕು. ಈ ಮೂರು ಸರಿಯಾಗಿದ್ದ ದೂರನ್ನು ತಳ್ಳಿಹಾಕುವುದು ಅಷ್ಟು ಸುಲಭ ಅಲ್ಲ.

ನಾನು ಮೈಸೂರು ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ವರ್ಷಗಟ್ಟಲೆ ಟೈಲರ್ ಆಗಿದ್ದವಳು. ಕಾಲರ್ ಕೂರಿಸುವ ಕೆಲಸ. ಈಗ ಹೆಣ್ಣುಮಕ್ಕಳ ಸಂಘಟನೆಯಲ್ಲಿದ್ದೇನೆ. ಕೆಲವು ಫ್ಯಾಕ್ಟರಿಗಳಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂರುತ್ತೇನೆ. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಲೈನು, ಬಂಡಲ್ಲು, ಟಾರ್ಗೆಟ್ಟು ಅಂತಲೇ ಬರುತ್ತವೆ. ಆದರೆ ಕಾನೂನು ಆಫೀಸಿಗೂ ಅದೇ, ಆಸ್ಪತ್ರೆಗೂ ಅದೇ, ಬಟ್ಟೆ ಅಂಗಡಿಗೂ ಅದೇ.

ಯಾವುದು ಕಿರುಕುಳ

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ ಕಾನೂನು 2013ರದ್ದು. ಆ ವರ್ಷ ಡಿಸೆಂಬರ್ 9ರಿಂದ ಜಾರಿಯಲ್ಲಿದೆ. ಅದರ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ಜನ 'ಪಾಶ್ ಕಾಯ್ದೆ' ಅಂತಾರೆ. ಅದರಲ್ಲಿ ಲೈಂಗಿಕ ಕಿರುಕುಳ ಅಂದರೆ ಏನು ಅಂತ ಬಿಡಿಸಿ ಹೇಳಿದ್ದಾರೆ. ಬೇಡದ ರೀತಿಯಲ್ಲಿ ಮೈ ಮುಟ್ಟುವುದು, ಮೇಲೆ ಬೀಳುವುದು. ಲೈಂಗಿಕವಾಗಿ ಸಹಕರಿಸು ಅಂತ ಕೇಳುವುದು ಅಥವಾ ಒತ್ತಾಯ ಮಾಡುವುದು. ಲೈಂಗಿಕ ಅರ್ಥದ ಮಾತು ಆಡುವುದು. ಅಶ್ಲೀಲ ಚಿತ್ರ, ವಿಡಿಯೋ ತೋರಿಸುವುದು. ಇವಲ್ಲದೆ ಮಾತಲ್ಲೋ, ಸನ್ನೆಯಲ್ಲೋ, ನೋಟದಲ್ಲೋ ಆಗುವ ಇಂಥದೇ ಬೇರೆ ಯಾವ ನಡವಳಿಕೆಯಾದರೂ ಸರಿ.

ಫ್ಲೋರ್‌ನಲ್ಲಿ ಇದು ಹೇಗಿರುತ್ತೆ ಅಂತ ಹೇಳುತ್ತೇನೆ. ಸ್ಟಿಚ್ ನೋಡುವ ನೆಪದಲ್ಲಿ ಬೆನ್ನ ಹಿಂದೆ ಬಂದು ಬಗ್ಗಿ ನಿಲ್ಲುವುದು. ಗೇಟ್‌ಪಾಸ್ ಬರೆಸಿಕೊಳ್ಳಲು ಹೋದರೆ "ಮೊದ್ಲು ನಂಬರ್ ಕೊಡು" ಅನ್ನುವುದು. ಹೊಸದಾಗಿ ಮದುವೆಯಾದವಳು ತೂಕಡಿಸಿದರೆ "ರಾತ್ರಿ ನಿದ್ದೆ ಇಲ್ವಾ" ಅಂತ ಲೈನಿಗೆಲ್ಲ ಕೇಳುವ ಹಾಗೆ ಹೇಳುವುದು. ರಜಾ ಕೇಳಿದರೆ ಮುಟ್ಟಿನ ಬಗ್ಗೆ ಬಿಡಿಸಿ ಬಿಡಿಸಿ ಕೇಳುವುದು. ರಾತ್ರಿ ಹತ್ತು ಗಂಟೆ ಮೇಲೆ ವಾಟ್ಸಾಪ್‌ನಲ್ಲಿ 'ಊಟ ಆಯ್ತಾ' ಅಂತ ಶುರು ಮಾಡಿ ಫೋಟೋ ಕೇಳುವವರೆಗೆ ಬರುವುದು. ಇವೆಲ್ಲವನ್ನೂ "ಅಯ್ಯೋ, ಗಾರ್ಮೆಂಟ್ಸ್ ಅಂದ್ರೆ ಇದೆಲ್ಲ ಇದ್ದಿದ್ದೇ" ಅಂತ ನುಂಗಿಕೊಂಡವರನ್ನು ತುಂಬಾ ಜನರನ್ನು ನೋಡಿದ್ದೇನೆ. ಇವೆಲ್ಲ ದೂರು ಕೊಡುವಂಥವೇ.

ನೋಡಬೇಕಾದದ್ದು ಒಂದೇ: ಅದು ಆ ಹೆಣ್ಣಿಗೆ ಬೇಡವಾಗಿತ್ತಾ? ಅವನು "ತಮಾಷೆಗೆ ಅಂದೆ", "ತಂಗಿ ಅಂದ್ಕೊಂಡು ಮುಟ್ಟಿದೆ" ಅಂದರೆ ವಿಷಯ ಮುಗಿಯುವುದಿಲ್ಲ. ನೀವು ಕಿರುಚಿಲ್ಲ, ಕೆನ್ನೆಗೆ ಬಾರಿಸಿಲ್ಲ, ಸುಮ್ನೆ ಇದ್ರಿ ಅನ್ನುವುದೂ ಒಪ್ಪಿಗೆ ಆಗುವುದಿಲ್ಲ. ಕೆಲಸ ಹೋದರೆ ಮಗುವಿನ ಸ್ಕೂಲ್ ಫೀಸಿಗೆ ಏನು ಮಾಡೋದು ಅಂತ ಲೆಕ್ಕ ಹಾಕುವವಳು ಸುಮ್ಮನಿರುತ್ತಾಳೆ. ಸಮಿತಿಯಲ್ಲಿ ಕೂತವರಿಗೆ ಇದು ಮೊದಲು ಅರ್ಥ ಆಗಬೇಕು.

ಇನ್ನೊಂದು ರೀತಿಯದ್ದೂ ಇದೆ. "ನನ್ನ ಮಾತು ಕೇಳಿದ್ರೆ ಲೈಟ್ ಆಪರೇಷನ್ ಕೊಡ್ತೀನಿ, ಇಲ್ಲಾಂದ್ರೆ ನೋಡ್ಕೋ." ಲೈಟ್ ಆಪರೇಷನ್ ಅಂದರೆ ಹಗುರವಾದ ಹೊಲಿಗೆ ಕೆಲಸ. ಲಾಭ ತೋರಿಸಿ ಕರೆಯುವುದು, ಇಲ್ಲ ಅಂದರೆ ಕೆಲಸದ ಮೇಲೆ ಸೇಡು ತೀರಿಸುವುದು, ಅಲ್ಲಿ ಕೂತು ಕೆಲಸ ಮಾಡಲಾಗದ ವಾತಾವರಣ ಮಾಡುವುದು. ಇವನ್ನು ಕಾಯ್ದೆಯ ಮೂರನೇ ಕಲಂ ಹೇಳುತ್ತೆ. ಬಾಯಲ್ಲಿ ನೇರವಾಗಿ ಹೇಳಿರಬೇಕು ಅಂತಿಲ್ಲ, ಸೂಚನೆ ಕೊಟ್ಟರೂ ಸಾಕು.

ಹಾಗಾದರೆ ಟಾರ್ಗೆಟ್ ಆಗಲಿಲ್ಲ ಅಂತ ಮುಖಕ್ಕೆ ಬಂಡಲ್ ಎಸೆಯುವುದು, "ದನ ಕಾಯೋಕೆ ಹೋಗು" ಅನ್ನುವುದು? ಅದೂ ಕಿರುಕುಳವೇ. ಆದರೆ ಅದರಲ್ಲಿ ಲೈಂಗಿಕ ಅಂಶ ಇಲ್ಲದಿದ್ದರೆ ಈ ಕಾಯ್ದೆ ಹಿಡಿಯುವುದಿಲ್ಲ. ಅದಕ್ಕೆ ಎಚ್.ಆರ್.ಗೆ ಅಥವಾ ಫ್ಯಾಕ್ಟರಿಯ ಕುಂದುಕೊರತೆ ಸಮಿತಿಗೆ ಲಿಖಿತ ದೂರು ಕೊಡಬೇಕು. ಯೂನಿಯನ್ ಇದ್ದರೆ ಅವರಿಗೆ ಹೇಳಬೇಕು. ಕಾರ್ಮಿಕ ಇಲಾಖೆಗೂ ಹೋಗಬಹುದು. ಹೊಡೆದರೆ ಪೊಲೀಸ್ ಠಾಣೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಎಲ್ಲರೆದುರು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಬೈಗುಳ ಸೊಂಟದ ಕೆಳಗಿನದಾಗಿದ್ದರೆ ಮಾತ್ರ ಅದನ್ನು ಬರೀ 'ಬೈಗುಳ' ಅಂತ ಬಿಡಬೇಡಿ. ಲೈಂಗಿಕ ಅರ್ಥದ ಮಾತು ಯಾವುದಿದ್ದರೂ ಪಾಶ್ ಸಮಿತಿಗೇ ಬರಬೇಕು. ಗಂಡಸರಿಗೆ ಈ ಕಾಯ್ದೆಯಡಿ ದೂರು ಕೊಡಲು ಬರುವುದಿಲ್ಲ. ಅವರಿಗೆ ಕಂಪನಿಯ ನಿಯಮಗಳು ಮತ್ತು ಪೊಲೀಸ್ ದಾರಿ ಇವೆ.

ಯಾವ ಜಾಗ, ಯಾರೆಲ್ಲ

ಫ್ಯಾಕ್ಟರಿ ಗೇಟಿನ ಒಳಗೆ ಆದದ್ದು ಮಾತ್ರ ಲೆಕ್ಕ ಅಂತ ತುಂಬಾ ಜನ ತಿಳಿದಿದ್ದಾರೆ. ಕನಕಪುರ, ಮಾಗಡಿ ಕಡೆಯಿಂದ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವ ಕಂಪನಿ ವ್ಯಾನ್ ಕೂಡ ಕೆಲಸದ ಜಾಗವೇ. ಕೆಲಸದ ಮೇಲೆ ಬೇರೆ ಯೂನಿಟ್ಟಿಗೆ ಕಳಿಸಿದರೆ ಅದೂ ಸೇರುತ್ತದೆ.

ಇದಕ್ಕೊಂದು ಹಿನ್ನೆಲೆ ಇದೆ. ಈ ಕಾನೂನು ಹುಟ್ಟಲು ಕಾರಣರಾದ ಭಂವರಿ ದೇವಿ ಅವರಿಗೆ ಆಫೀಸೇ ಇರಲಿಲ್ಲ. ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್', ಅಂದರೆ ಹಳ್ಳಿಯ ಕಾರ್ಯಕರ್ತೆ, ಆಗಿದ್ದವರು ಅವರು. ಭಟೇರಿ ಅನ್ನುವ ಅವರ ಹಳ್ಳಿಯೇ ಅವರ ಕೆಲಸದ ಜಾಗ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತು. ಅವರು ಹೆದರದೆ ದೂರು ಕೊಟ್ಟರು. 1995ರಲ್ಲಿ ಕೆಳಗಿನ ಕೋರ್ಟು ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಟ್ಟುಬಿಟ್ಟಿತು. ಕೆಲಸ ಮಾಡುವ ಹೆಣ್ಣಿಗೆ ರಕ್ಷಣೆ ಎಲ್ಲಿದೆ ಅಂತ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ಬಂತು. ಎಲ್ಲ ಕೆಲಸದ ಜಾಗದಲ್ಲೂ ದೂರು ಸಮಿತಿ ಇರಲೇಬೇಕು ಅಂತ ಮೊದಲು ಹೇಳಿದ್ದು ಆ ತೀರ್ಪು. ಅದು ಕಾಯ್ದೆಯಾಗಲು ಮತ್ತೆ 16 ವರ್ಷ ಹಿಡಿಯಿತು. ನಾನು ಯಾವ ಫ್ಯಾಕ್ಟರಿಯಲ್ಲಿ ತರಬೇತಿ ಕೊಟ್ಟರೂ ಆ ತಾಯಿಯ ಹೆಸರು ಹೇಳದೆ ಶುರು ಮಾಡುವುದಿಲ್ಲ.

ನೀವು ಪರ್ಮನೆಂಟ್ ಆಗಿರಬೇಕಿಲ್ಲ. ಟ್ರೈನಿ, ಹೆಲ್ಪರ್, ಕಂಟ್ರಾಕ್ಟ್ ಮೇಲೆ ಬಂದವರು, ದಿನಗೂಲಿಯವರು, ಕ್ಯಾಂಟೀನಿನವರು, ಹೌಸ್‌ಕೀಪಿಂಗಿನವರು, ಎಲ್ಲರೂ ದೂರು ಕೊಡಬಹುದು. ಐಡಿ ಕಾರ್ಡ್ ಇನ್ನೂ ಕೊಟ್ಟಿಲ್ಲ ಅಂತ ಹಿಂಜರಿಯಬೇಡಿ.

ಸಮಿತಿ ಎಲ್ಲಿದೆ ಅಂತ ಹುಡುಕುವುದು

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರಬೇಕು. ಪಾಶ್ ಸಮಿತಿ ಅನ್ನುವುದು ಇದನ್ನೇ. ಅದನ್ನು ರಚಿಸಿದ ಆದೇಶ ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಿರಬೇಕು. ನಾಳೆ ಕೆಲಸಕ್ಕೆ ಹೋದಾಗ ನೋಟಿಸ್ ಬೋರ್ಡ್ ನೋಡಿ. ಏನೂ ಆಗಿಲ್ಲದವರೂ ನೋಡಿ. ಅಧ್ಯಕ್ಷೆ ಹೆಂಗಸೇ ಆಗಿರಬೇಕು, ದೊಡ್ಡ ಹುದ್ದೆಯವರಾಗಿರಬೇಕು. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ಹೆಂಗಸರಿರಬೇಕು. ಹೊರಗಿನ ಸಂಸ್ಥೆಯವರು ಒಬ್ಬರು ಇರಲೇಬೇಕು. ಅವಧಿ ಮೂರು ವರ್ಷ ಮೀರುವಂತಿಲ್ಲ. ಬೋರ್ಡಿನಲ್ಲಿ ಕೆಲಸ ಬಿಟ್ಟು ಹೋದವರ ಹೆಸರು ಇನ್ನೂ ಇದ್ದರೆ ಆ ಸಮಿತಿ ಕಾಗದದ ಮೇಲಷ್ಟೇ ಇದೆ ಅಂತ ಅರ್ಥ. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಇದೆ.

ಹೆಸರು, ಫೋನ್ ನಂಬರಿನ ಫೋಟೋ ತೆಗೆದುಕೊಳ್ಳಿ. ಫೋನ್ ಒಳಗೆ ಬಿಡದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ, ಅಥವಾ ಕಿರುಕುಳ ಕೊಟ್ಟವನೇ ಮಾಲೀಕನಾಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಮನೆಕೆಲಸದವರಿಗೂ ಇದೇ ಸಮಿತಿ. ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕಚೇರಿಯಲ್ಲಿ ಅದರ ವಿಳಾಸ ಕೇಳಿ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಅನ್ನುವ ಜಾಲತಾಣದಲ್ಲೂ ದೂರು ಹಾಕಬಹುದು. ಕಿರುಕುಳ ಕೊಟ್ಟವನು ಹೊರಗಿನವನು, ಅಂದರೆ ಮಾಲು ತರುವ ಲಾರಿಯವನೋ, ಬಟ್ಟೆ ಕೊಳ್ಳುವ ಬಯರ್ ಕಡೆಯವನೋ ಆಗಿದ್ದರೂ ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ. ನೀವು ಪೊಲೀಸ್ ದೂರು ಕೊಡುತ್ತೇನೆ ಅಂದರೆ ಸಹಾಯ ಮಾಡುವುದು ಅವರ ಕರ್ತವ್ಯ.

ಅದೇ ರಾತ್ರಿ ಬರೆದಿಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆದ ದಿನವೇ, ಮಲಗುವ ಮುಂಚೆ, ಮಕ್ಕಳ ಹಳೇ ನೋಟ್‌ಬುಕ್ ಒಂದನ್ನು ತಗೊಂಡು ಬರೆಯಿರಿ. ಮೇಲೆ ತಾರೀಕು, ವಾರ ಹಾಕಿ. ಬರೆಯಲು ಬರದವರು ನಂಬಿಕೆಯ ಒಬ್ಬರಿಗೆ ಹೇಳಿ ಬರೆಸಿ, ಇಲ್ಲಾಂದ್ರೆ ಫೋನಿನಲ್ಲಿ ನಿಮ್ಮ ದನಿಯಲ್ಲೇ ಹೇಳಿ ರೆಕಾರ್ಡ್ ಮಾಡಿಡಿ. ಒಂದು ವಾರ ಬಿಟ್ಟು ಬರೆಯೋಣ ಅಂದರೆ ಮನಸ್ಸೇ ಅದನ್ನು ಅಳಿಸಲು ಶುರು ಮಾಡಿರುತ್ತೆ.

ತುಂಬಾ ಜನ ತರುವ ದೂರು ಹೀಗಿರುತ್ತದೆ: 'ನಮ್ಮ ಸೂಪರ್‌ವೈಸರ್ ನನಗೆ ಬಹಳ ದಿನದಿಂದ ಲೈಂಗಿಕ ಕಿರುಕುಳ ಕೊಡುತ್ತಿದ್ದಾರೆ, ಅಸಭ್ಯವಾಗಿ ವರ್ತಿಸುತ್ತಾರೆ, ದಯಮಾಡಿ ಕ್ರಮ ಕೈಗೊಳ್ಳಿ.' ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ವಿಚಾರಣೆ ಮಾಡುವವರ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಅವನು "ಇಲ್ಲ" ಅಂದರೆ ಅಲ್ಲಿಗೇ ನಿಂತುಬಿಡುತ್ತದೆ.

ಈಗ ಇದನ್ನು ನೋಡಿ. ಇದು ಯಾರೊಬ್ಬರ ದೂರೂ ಅಲ್ಲ, ಮಾದರಿಗೆ ಅಂತ ನಾನೇ ಬರೆದದ್ದು.

'ಮಾರ್ಚ್ 11, 2025, ಮಂಗಳವಾರ. ಊಟ ಮುಗಿಸಿ ಬಂದು ಕೂತ ಮೇಲೆ, ಸುಮಾರು ಎರಡು ಗಂಟೆ. ನಾನು 4ನೇ ಲೈನಿನಲ್ಲಿ ಕಾಲರ್ ಮೆಷಿನ್ ಮೇಲೆ ಇದ್ದೆ. ಸೂಪರ್‌ವೈಸರ್ ನನ್ನ ಬೆನ್ನ ಹಿಂದೆ ಬಂದು ನಿಂತರು. ಸ್ಟಿಚ್ ನೋಡುವ ಹಾಗೆ ಬಗ್ಗಿ ಎಡಗೈ ನನ್ನ ಭುಜದ ಮೇಲೆ ಇಟ್ಟರು. ನಾನು ಭುಜ ಸರಿಸಿದೆ. ಅವರು ಕೈ ತೆಗೆಯಲಿಲ್ಲ. "ಯಾಕೆ ಹೆದರ್ತೀಯ? ಶನಿವಾರ ಓ.ಟಿ. ಇದೆ, ನಿಂತ್ಕೋ. ನಾನೇ ಬೈಕಲ್ಲಿ ಬಿಡ್ತೀನಿ" ಅಂದರು. ನಾನು ಏನೂ ಹೇಳದೆ ಎದ್ದು ನೀರು ಕುಡಿಯಲು ಹೋದೆ. ಎದುರು ಮೆಷಿನ್ನಿನವರು ತಲೆ ಎತ್ತಿ ನೋಡಿದರು. ಶನಿವಾರ ನಾನು ಓ.ಟಿ.ಗೆ ನಿಲ್ಲಲಿಲ್ಲ. ಸೋಮವಾರ ಬಂದಾಗ ನನ್ನನ್ನು ಕಾಲರ್‌ನಿಂದ ತೆಗೆದು ದಾರ ಕತ್ತರಿಸುವ ಕೆಲಸಕ್ಕೆ ಹಾಕಿದ್ದರು. ಕಾರಣ ಕೇಳಿದ್ದಕ್ಕೆ "ನಿಂಗೆ ಗೊತ್ತು" ಅಂದರು.'

ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಆದರೆ ಒಂದೊಂದು ಸಾಲೂ ಕೆಲಸ ಮಾಡುತ್ತದೆ. 'ಭುಜ ಸರಿಸಿದೆ' ಅನ್ನುವ ಎರಡು ಪದ, ಅದು ಆಕೆಗೆ ಬೇಡವಾಗಿತ್ತು ಅಂತ ತೋರಿಸುತ್ತದೆ. ಆ ದಿನ ಎದುರು ಮೆಷಿನ್ನಲ್ಲಿ ಯಾರಿದ್ದರು ಅಂತ ಲೈನಿನ ಹಾಜರಿ ಹೇಳುತ್ತದೆ. ಶನಿವಾರ ಓ.ಟಿ. ಇತ್ತೋ ಇಲ್ಲವೋ ಅನ್ನುವುದು ಪಂಚಿಂಗ್‌ನಲ್ಲಿ ಸಿಗುತ್ತದೆ. ಇಷ್ಟು ದಿನ ಕಾಲರ್ ಮಾಡುತ್ತಿದ್ದ ಟೈಲರ್ ಯಾವ ದಿನದಿಂದ ದಾರ ಕತ್ತರಿಸುತ್ತಿದ್ದಾಳೆ ಅನ್ನುವುದು ಪ್ರೊಡಕ್ಷನ್ ಲೆಕ್ಕದಲ್ಲಿ ಇರುತ್ತದೆ. "ನನ್ನ ಹತ್ರ ಸಾಕ್ಷಿ ಇಲ್ಲ" ಅಂದವಳ ಸಾಕ್ಷಿಯೆಲ್ಲ ಕಂಪನಿಯ ಕಡತಗಳಲ್ಲೇ ಇತ್ತು. ಅದನ್ನು ತೆಗೆಸಿ ನೋಡುವ ಅಧಿಕಾರ ಸಮಿತಿಗೆ ಇದೆ. ದಾಖಲೆ ತರಿಸುವುದರಲ್ಲಿ, ಸಾಕ್ಷಿಗಳನ್ನು ಕರೆಸುವುದರಲ್ಲಿ ಸಿವಿಲ್ ಕೋರ್ಟಿಗೆ ಇರುವ ಅಧಿಕಾರವನ್ನೇ ಕಾಯ್ದೆ ಈ ಸಮಿತಿಗೂ ಕೊಟ್ಟಿದೆ.

ಅವನು ಆಡಿದ ಮಾತನ್ನು ಅವನು ಆಡಿದ ಹಾಗೇ ಬರೆಯಿರಿ. "ಇಂಥದ್ದೆಲ್ಲ ಹೆಂಗಕ್ಕಾ ಬರಿಯೋದು, ನಾಚಿಕೆ ಆಗುತ್ತೆ" ಅಂತಾರೆ. "ಬರೀಬೇಕು ಕಣಮ್ಮ. ಅಂದೋನು ಅವನು, ನಾಚಿಕೆ ನಿಂಗ್ಯಾಕೆ?" ಅಂತ ನಾನು ಹೇಳುತ್ತೇನೆ. 'ಕೆಟ್ಟ ಮಾತು ಆಡಿದರು' ಅಂತ ಬರೆದರೆ ಯಾವ ಮಾತು ಅಂತ ಮತ್ತೆ ಆರು ಜನರ ಎದುರು ಬಾಯಲ್ಲಿ ಹೇಳಬೇಕಾಗುತ್ತದೆ. ಒಂದು ಸಲ ಬರೆದುಬಿಟ್ಟರೆ ಆ ಕಷ್ಟ ಎಷ್ಟೋ ತಪ್ಪುತ್ತದೆ. ಸಮಯ ಸರಿಯಾಗಿ ನೆನಪಿಲ್ಲದಿದ್ದರೆ 'ಸುಮಾರು' ಅಂತ ಹಾಕಿ. ನೆನಪಿಲ್ಲದ್ದನ್ನು ಅಂದಾಜಿನಲ್ಲಿ ತುಂಬಬೇಡಿ, ಆದದ್ದನ್ನು ದೊಡ್ಡದು ಮಾಡಲೂ ಹೋಗಬೇಡಿ. ಒಂದು ಕಡೆ ತಪ್ಪಿದರೆ ಅದನ್ನೇ ಹಿಡಿದು ಎಳೆಯುತ್ತಾರೆ.

ಯಾರಿಗಾದರೂ ಒಬ್ಬರಿಗೆ ಅವತ್ತೇ ಹೇಳಿ. ಅಕ್ಕನಿಗೋ, ಜೊತೆಗೆ ವ್ಯಾನಿನಲ್ಲಿ ಬರುವವರಿಗೋ. "ಅವತ್ತು ಸಂಜೆ ವ್ಯಾನಲ್ಲಿ ಅಳ್ತಾ ಹೀಗಾಯ್ತು ಅಂದ್ಳು" ಅಂತ ಅವರು ಬಂದು ಹೇಳಿದರೆ ಅದಕ್ಕೂ ತೂಕ ಇದೆ.

ವಾಟ್ಸಾಪ್ ಮೆಸೇಜು ಬಂದಿದ್ದರೆ ಸಿಟ್ಟಿಗೆ ಡಿಲೀಟ್ ಮಾಡಬೇಡಿ. ಗಂಡ ನೋಡಿದರೆ ಏನಂದಾರೋ ಅಂತ ಅಳಿಸಿಬಿಡುವವರು ಜಾಸ್ತಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಅವನ ನಂಬರ್, ತಾರೀಕು, ಸಮಯ ಮೂರೂ ಕಾಣಬೇಕು. ಹೆಸರಿನಲ್ಲಿ ಸೇವ್ ಮಾಡಿದ್ದರೆ ನಂಬರ್ ಕಾಣುವ ಪುಟವನ್ನೂ ತೆಗೆಯಿರಿ. ನಂಬಿಕೆಯವರ ಫೋನಿಗೆ ಒಂದು ಪ್ರತಿ ಕಳಿಸಿಡಿ. ಫೋನ್ ಬದಲಾಯಿಸಿದರೂ ಹಳೇದನ್ನು ಮಾರಬೇಡಿ, ಮೂಲ ಮೆಸೇಜು ಅದರಲ್ಲೇ ಇರುತ್ತದೆ.

ಸಿ.ಸಿ. ಕ್ಯಾಮೆರಾ ಇದ್ದ ಜಾಗವಾದರೆ ಒಂದು ದಿನವೂ ಕಾಯಬೇಡಿ. ಹಳೇ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಕೂರುತ್ತದೆ. 'ಇಂಥ ದಿನ, ಇಂಥ ಸಮಯದ, ಇಂಥ ಕ್ಯಾಮೆರಾದ ರೆಕಾರ್ಡಿಂಗ್ ತೆಗೆದಿಡಿ' ಅಂತ ಎಚ್.ಆರ್.ಗೆ ಎರಡು ಸಾಲಿನ ಇ-ಮೇಲ್ ಅಥವಾ ಪತ್ರ ಕೊಡಿ. ದೂರು ಆಮೇಲೆ ಬರೆದರೂ ಆಯ್ತು.

ದೂರು ಕೊಡುವುದು

ಘಟನೆ ಆಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಪದೇ ಪದೇ ಆಗುತ್ತಿದ್ದರೆ ಕೊನೆಯ ಸಲ ಆದ ದಿನದಿಂದ ಲೆಕ್ಕ. ಬರಲಾಗದ ಕಾರಣ ಇತ್ತು ಅಂತ ಸಮಿತಿಗೆ ಅನಿಸಿದರೆ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಹೆದರಿಕೆ, ಕಾಯಿಲೆ, ಊರಿಗೆ ಹೋಗಬೇಕಾಗಿ ಬಂದದ್ದು, ಏನಿದ್ದರೂ ತಡವಾದ ಕಾರಣವನ್ನು ದೂರಿನಲ್ಲೇ ಬರೆಯಿರಿ.

ಕನ್ನಡದಲ್ಲೇ ಬರೆಯಿರಿ. ಸಮಿತಿಯ ಅಧ್ಯಕ್ಷೆಯ ಹೆಸರಿಗೆ ಬರೆಯಬೇಕು. ನಿಮ್ಮ ಹೆಸರು, ಟೋಕನ್ ನಂಬರ್, ಲೈನ್, ಅವನ ಹೆಸರು, ಹುದ್ದೆ, ಏನಾಯ್ತು, ನೋಡಿದವರ ಹೆಸರು, ವಿಳಾಸ, ನಿಮಗೆ ಏನು ಬೇಕು. ಕೊನೆಯದನ್ನು ಮರೆಯುವವರೇ ಹೆಚ್ಚು. ವಿಚಾರಣೆ ಮುಗಿಯುವವರೆಗೆ ಅವನನ್ನು ಬೇರೆ ಲೈನಿಗೆ ಹಾಕಿ, ಅಥವಾ ನನಗೆ ರಜಾ ಕೊಡಿ, ನನ್ನ ಕೆಲಸದ ಬಗ್ಗೆ ವರದಿ ಬರೆಯುವುದು ಅವನ ಕೈಯಲ್ಲಿ ಇರಬಾರದು, ಇಂಥದ್ದನ್ನು ನೀವು ಕೇಳಬಹುದು. ಮೂರು ತಿಂಗಳವರೆಗೆ ರಜಾ ಕೊಡಿಸಲು ಕಾನೂನಿನಲ್ಲಿ ಅವಕಾಶ ಇದೆ. ಅದು ನಿಮ್ಮ ಮಾಮೂಲಿ ರಜೆಯಲ್ಲಿ ಕಡಿತ ಆಗುವುದಿಲ್ಲ. ಇದೆಲ್ಲ ನೀವು ಬರೆದು ಕೇಳಿದರೆ ಮಾತ್ರ ಬರುತ್ತದೆ.

ಬರೆಯಲು ಆಗದಿದ್ದರೆ ಬರೆಯಲು ಸಹಾಯ ಮಾಡುವುದು ಸಮಿತಿಯ ಕರ್ತವ್ಯ. ಹುಷಾರಿಲ್ಲದೆ ಮಲಗಿದ್ದರೆ ಮನೆಯವರೋ, ಸ್ನೇಹಿತೆಯೋ, ಜೊತೆ ಕೆಲಸದವರೋ ನಿಮ್ಮ ಪರವಾಗಿ ಕೊಡಬಹುದು.

ನಿಯಮದಲ್ಲಿ ಆರು ಪ್ರತಿ ಅಂತಿದೆ. ಏಳು ಮಾಡಿಸಿ. ಏಳನೇದರ ಮೇಲೆ 'ಸ್ವೀಕರಿಸಿದೆ' ಅಂತ ಸಹಿ, ತಾರೀಕು, ಸೀಲು ಹಾಕಿಸಿಕೊಂಡು ಮನೆಗೆ ತನ್ನಿ. ಇದನ್ನು ಮಾತ್ರ ನಾನು ಕೈ ಮುಗಿದು ಕೇಳುತ್ತೇನೆ. "ಇಟ್ಟು ಹೋಗಮ್ಮ, ನೋಡ್ತೀವಿ" ಅಂತ ಬಾಯಿಮಾತಲ್ಲಿ ಇಸಿದುಕೊಂಡ ದೂರುಗಳು ಆಮೇಲೆ ಯಾರ ಟೇಬಲ್ಲಿನಲ್ಲೂ ಸಿಗುವುದಿಲ್ಲ. ಸಹಿ ಹಾಕುವುದಿಲ್ಲ ಅಂದರೆ ಜಗಳ ಬೇಡ. ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಇ-ಮೇಲ್ ಕೂಡ ಮಾಡಿ.

ದೂರು ಕೊಟ್ಟ ಮೇಲೆ ಬರುವ ಒತ್ತಡ

ದೂರು ಒಳಗೆ ಹೋದ ಮೇಲೆ ಯಾರೋ ಒಬ್ಬರು ಬಂದೇ ಬರುತ್ತಾರೆ. "ಅವನಿಗೂ ಹೆಂಡ್ತಿ ಮಕ್ಳಿದಾರೆ, ಹೋಗ್ಲಿ ಬಿಡು." ರಾಜಿ ಆಗಬೇಕು ಅಂತ ನೀವೇ ಕೇಳಿದರೆ ಮಾತ್ರ ಸಮಿತಿ ಅದಕ್ಕೆ ಕೈ ಹಾಕಬಹುದು, ಅದೂ ವಿಚಾರಣೆಗೆ ಮುಂಚೆ. ದುಡ್ಡು ಕೊಟ್ಟು ರಾಜಿ ಮಾಡಿಸುವುದನ್ನು ಕಾಯ್ದೆ ಒಪ್ಪುವುದಿಲ್ಲ. ಎಚ್.ಆರ್. ರೂಮಿನಲ್ಲಿ ಕೂರಿಸಿ ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡಿ. ಓದಲು ಬರದ ಇಂಗ್ಲಿಷ್ ಕಾಗದಕ್ಕೂ ಹಾಕಬೇಡಿ. "ಪಿ.ಎಫ್. ಬೇಗ ಮಾಡಿಸಿಕೊಡ್ತೀವಿ, ರಾಜೀನಾಮೆ ಕೊಟ್ಟು ಹೋಗು" ಅಂದರೆ ಆ ಮಾತನ್ನೂ ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದು ಸಮಿತಿಗೆ ತಿಳಿಸಿ.

"ಸಾಬೀತು ಆಗದಿದ್ರೆ ನಿನ್ನ ಮೇಲೇ ಕೇಸು" ಅಂತಲೂ ಹೆದರಿಸುತ್ತಾರೆ. ಕಾಯ್ದೆಯ 14ನೇ ಕಲಂ ಇದಕ್ಕೆ ನೇರ ಉತ್ತರ ಕೊಡುತ್ತದೆ. ಸಾಬೀತು ಮಾಡಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ಇಲ್ಲ. ಬೇಕಂತಲೇ ಸುಳ್ಳು ದೂರು ಕೊಟ್ಟಿದ್ದಾಳೆ ಅಂತ ಬೇರೆ ವಿಚಾರಣೆಯಲ್ಲಿ ತೀರ್ಮಾನ ಆಗಬೇಕು.

ನೀವೂ ಒಂದು ಪಾಲಿಸಬೇಕು. ದೂರಿನ ವಿಷಯವನ್ನು ವಾಟ್ಸಾಪ್ ಸ್ಟೇಟಸ್‌ಗೆ, ಫೇಸ್‌ಬುಕ್ಕಿಗೆ ಹಾಕಬೇಡಿ. ಹೆಸರುಗಳು, ವಿಚಾರಣೆಯ ಮಾತುಗಳು ಹೊರಗೆ ಹೋಗಬಾರದು ಅಂತ ಕಾನೂನಿದೆ. ಅದೇ ಕಾನೂನು ನಿಮ್ಮ ಹೆಸರನ್ನೂ ಕಾಪಾಡುತ್ತದೆ. ಸಮಿತಿಯವರೇ ಬಾಯಿಬಿಟ್ಟರೆ ಅವರಿಗೂ ದಂಡ ಬೀಳುತ್ತದೆ.

ವಿಚಾರಣೆ ರೂಮಿನಲ್ಲಿ

ಸಮಿತಿ ಏಳು ಕೆಲಸದ ದಿನದೊಳಗೆ ದೂರಿನ ಪ್ರತಿಯನ್ನು ಅವನಿಗೆ ಕಳಿಸುತ್ತದೆ. ಅವನು ಹತ್ತು ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಇಡೀ ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಎರಡೂ ಕಡೆ ವಕೀಲರು ಬರುವಂತಿಲ್ಲ. ಅವನು ವಕೀಲರನ್ನು ತರುತ್ತಾನೆ, ನಾನೊಬ್ಬಳೇ ಏನು ಮಾಡಲಿ ಅಂತ ಹೆದರುವವರಿಗೆ ಇದು ಗೊತ್ತಿರಲಿ.

ಕನಿಷ್ಠ ಮೂರು ಸದಸ್ಯರು, ಅಧ್ಯಕ್ಷೆ ಸೇರಿ, ಕೂತಿರಬೇಕು. ಅವನ ಎದುರು ಕೂತು ಹೇಳಲು ಆಗುವುದಿಲ್ಲ ಅನಿಸಿದರೆ ಮೊದಲೇ ಬರೆದು ಕೊಡಿ. ನಾನು ಕೂರುವ ಕಡೆ ಇಬ್ಬರನ್ನೂ ಬೇರೆ ಬೇರೆ ಕರೆಯುತ್ತೇವೆ. ಅವನ ಪ್ರಶ್ನೆಗಳನ್ನು ಬರೆಸಿಕೊಂಡು ಅಧ್ಯಕ್ಷೆಯೇ ಕೇಳುತ್ತಾರೆ. ಇದು ಎಲ್ಲ ಕಡೆ ತಾನಾಗೇ ನಡೆಯುವುದಿಲ್ಲ, ಕೇಳಬೇಕು.

"ನೀನು ಅವತ್ತು ಯಾವ ಬಟ್ಟೆ ಹಾಕಿದ್ದೆ?" "ನಿನ್ನ ಗಂಡ ಎಲ್ಲಿದಾನೆ?" ಇಂಥ ಪ್ರಶ್ನೆ ಬಂದರೆ "ಇದು ದೂರಿಗೆ ಸಂಬಂಧ ಇಲ್ಲ ಮೇಡಂ" ಅಂತ ನಿಧಾನವಾಗಿ ಹೇಳಿ. ಪ್ರಶ್ನೆಯನ್ನೂ ನಿಮ್ಮ ಉತ್ತರವನ್ನೂ ಬರೆದುಕೊಳ್ಳಲು ಹೇಳಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ", ನೆನಪಿಲ್ಲದ್ದಕ್ಕೆ "ನೆನಪಿಲ್ಲ". ಅಳು ಬಂದರೆ ಅಳಿ, ನೀರು ಕೇಳಿ, ಹತ್ತು ನಿಮಿಷ ಬಿಡುವು ಕೇಳಿ. ನಿಮ್ಮ ಹೇಳಿಕೆಯನ್ನು ಕನ್ನಡದಲ್ಲಿ ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿ. ಕಾರಣ ಇಲ್ಲದೆ ಸತತ ಮೂರು ಸಲ ಹೋಗದಿದ್ದರೆ ನೋಟಿಸ್ ಕೊಟ್ಟು ದೂರನ್ನೇ ಮುಗಿಸಿಬಿಡಬಹುದು. ಹಾಗಾಗಿ ಬರಲಾಗದಿದ್ದರೆ ಮುಂಚೆಯೇ ಬರೆದು ತಿಳಿಸಿ.

ಸಾಕ್ಷಿ ಹೇಳಲು ಕರೆದಾಗ ಪಕ್ಕದ ಮೆಷಿನ್ನಿನವರು ನುಣುಚಿಕೊಳ್ಳುತ್ತಾರೆ. ಅವರ ಭಯ ನನಗೆ ಅರ್ಥ ಆಗುತ್ತದೆ, ಅವರಿಗೂ ಅದೇ ಸೂಪರ್‌ವೈಸರ್, ಅದೇ ಟಾರ್ಗೆಟ್. ಆದರೂ ಅವರಲ್ಲಿ ನನ್ನದೊಂದು ಬೇಡಿಕೆ ಇದೆ. ನೀವು ಯಾರ ಪರವೂ ಮಾತಾಡಬೇಕಿಲ್ಲ. "ಕೈ ಭುಜದ ಮೇಲಿತ್ತು, ನಾನು ನೋಡಿದೆ" ಅಂತ ಇಷ್ಟು ಹೇಳಿದರೆ ಸಾಕು.

ಪೊಲೀಸ್ ದಾರಿ

ಸಮಿತಿಗೆ ಕೊಟ್ಟರೆ ಠಾಣೆಗೆ ಕೊಡಬಾರದು ಅಂತ ಎಲ್ಲೂ ಇಲ್ಲ. ಎರಡನ್ನೂ ಒಟ್ಟಿಗೆ ನಡೆಸಬಹುದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಲೈಂಗಿಕ ಕಿರುಕುಳಕ್ಕೆ 75ನೇ ಕಲಂ, ಮಾನಭಂಗದ ಉದ್ದೇಶದಿಂದ ಕೈ ಮಾಡಿದರೆ 74, ಹಿಂದೆ ಬಿದ್ದು ಕಾಡಿದರೆ 78. ಮೈಮೇಲೆ ಬಿದ್ದ, ಸ್ಟೋರ್ ರೂಮಿನಲ್ಲಿ ಕೂಡಿಹಾಕಿದ, ಇಂಥದ್ದಾದರೆ ಸಮಿತಿಗೆ ಅಂತ ಕಾಯಬೇಡಿ, ಮೊದಲು 112ಕ್ಕೆ ಫೋನ್ ಮಾಡಿ. ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು, "ನಮ್ಮ ಸರಹದ್ದಲ್ಲ" ಅನ್ನುವಂತಿಲ್ಲ. ಮಹಿಳಾ ಸಹಾಯವಾಣಿ 181. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಹೆಂಗಸರಿಗೆ ಅಲ್ಲಿ ವಕೀಲರ ಸೇವೆ ಉಚಿತ. ಅದಕ್ಕೆ ನಿಮ್ಮ ಸಂಬಳ ಎಷ್ಟು ಅಂತ ನೋಡುವುದಿಲ್ಲ.

ತೀರ್ಮಾನ ಬಂದ ಮೇಲೆ

ವಿಚಾರಣೆ ಮುಗಿದ ಹತ್ತು ದಿನದಲ್ಲಿ ಸಮಿತಿ ವರದಿ ಕೊಡಬೇಕು. ಅದರ ಪ್ರತಿ ನಿಮಗೂ ಸಿಗಬೇಕು. ಕೇಳಿ ತೆಗೆದುಕೊಳ್ಳಿ. ತಪ್ಪು ಸಾಬೀತಾದರೆ ಎಚ್ಚರಿಕೆಯಿಂದ ಹಿಡಿದು ಕೆಲಸದಿಂದ ತೆಗೆಯುವವರೆಗೆ ಶಿಫಾರಸು ಮಾಡಬಹುದು. ಅವನ ಸಂಬಳದಲ್ಲಿ ಹಿಡಿದು ನಿಮಗೆ ಪರಿಹಾರ ಕೊಡಿಸಬಹುದು. ಕಂಪನಿ 60 ದಿನದೊಳಗೆ ಅದನ್ನು ಜಾರಿ ಮಾಡಬೇಕು. ತೀರ್ಮಾನ ಒಪ್ಪಿಗೆ ಆಗದಿದ್ದರೆ, ಅಥವಾ ಕಂಪನಿ ಸುಮ್ಮನೆ ಕೂತರೆ, 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಇದನ್ನು ಮಾತ್ರ ವಕೀಲರ ಜೊತೆ ಕೂತು ಮಾಡಿ.

ಎಲ್ಲ ಮುಗಿದು ಮತ್ತೆ ಮೆಷಿನ್ ಮೇಲೆ ಕೂತಾಗ ಬೇರೆ ಥರದ ಕಾಟ ಶುರುವಾಗಬಹುದು. ಬಿಚ್ಚಿ ಮತ್ತೆ ಹೊಲಿಯಬೇಕಾದ ಆಲ್ಟರ್ ಪೀಸ್ ಬೇಕಂತ ತಂದು ಸುರಿಯುವುದು, ರಜಾ ಕೊಡದಿರುವುದು, ಯಾರೂ ಮಾತಾಡದಂತೆ ಮಾಡುವುದು. ಆಗ ಅದೇ ನೋಟ್‌ಬುಕ್ ತೆಗೆಯಿರಿ. ತಾರೀಕು ಹಾಕಿ, ಯಾರು ಏನು ಮಾಡಿದರು ಬರೆಯಿರಿ. ಹಳೇ ದೂರಿನ ಸೀಲು ಬಿದ್ದ ಪ್ರತಿಯನ್ನು ಅದರ ಜೊತೆ ಇಟ್ಟು ಹೊಸ ದೂರು ಕೊಡಿ. ಅದಕ್ಕೂ ಸೀಲು ಹಾಕಿಸಿಕೊಳ್ಳಿ.